ಬೂದಿ ಮುಚ್ಚಿದ ಕೆಂಡಕ್ಕೊಂದು ಮೀಟರ್: ಹಳೆಯ ಮಿಲಿಟರಿ ಗಾಡಿಗಳ ಗೇರ್ ಎಣ್ಣೆಗೂ ಬೇಕು ಕಾವಲು

ಪುಣೆ: ಹಬ್ಬಕ್ಕೋ ಮದುವೆಗೋ ಊರಿಗೆ ಹೊರಟ ಪುಣೆಯ ಕನ್ನಡಿಗರಿಗೆ ಕಾತ್ರಜ್ ಮತ್ತು ಖಂಬಾಟಕಿ ಘಾಟಿಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಸಾತಾರಾ, ಕರಾಡ್, ಕೊಲ್ಹಾಪುರ ದಾಟಿ ನಿಪ್ಪಾಣಿ ಸೇರುವ ಎಷ್ಟೋ ಮೊದಲೇ ಗಾಡಿಯ ತಾಕತ್ತು ಏನೆಂಬುದನ್ನು ಈ ಏರುಗಳು ಹೇಳಿಬಿಡುತ್ತವೆ. ರೇಡಿಯೇಟರ್ ಕುದಿದು, ಬಾನೆಟ್ ಎತ್ತಿಕೊಂಡು ರಸ್ತೆ ಬದಿಯಲ್ಲಿ ನಿಂತ ವಾಹನಗಳನ್ನು ಈ ದಾರಿಯಲ್ಲಿ ಕಾಣದವರಿಲ್ಲ.

ಎಂಜಿನ್ ಕಾದರೆ ಮೀಟರ್ ಬೋರ್ಡಿನ ಮುಳ್ಳು ಹೇಳುತ್ತದೆ, ಅದು ಕೆಟ್ಟಿದ್ದರೆ ಹಬೆಯಾದರೂ ಹೇಳುತ್ತದೆ. ಆದರೆ ಅದೇ ಗಾಡಿಯ ಹೊಟ್ಟೆಯಡಿ ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದಿನ ಮುಂದಿನ ಡಿಫರೆನ್ಷಿಯಲ್‌ಗಳಲ್ಲಿರುವ ಎಣ್ಣೆ ಎಷ್ಟು ಕಾದಿದೆ ಎಂದು ಹೇಳುವವರು ಯಾರೂ ಇಲ್ಲ. ಹೊರಗೆ ತಣ್ಣಗೆ ಕಾಣುವ ಆ ಕಬ್ಬಿಣದ ಗುಡಾಣಗಳ ಒಳಗಿನದು ಬೂದಿ ಮುಚ್ಚಿದ ಕೆಂಡ. ಹಳೆಯ ಮಿಲಿಟರಿ ಲಾರಿ, ಜೋಂಗಾಗಳನ್ನು ಪ್ರೀತಿಯಿಂದ ಸಾಕಿಕೊಂಡು ಬಂದವರು ಈ ಕೆಂಡಕ್ಕೆ ಒಂದು ಮೀಟರ್ ಕೂರಿಸಿಕೊಳ್ಳುವುದು ಶೋಕಿಯ ಕೆಲಸವಲ್ಲ, ಗಾಡಿಯ ಆಯುಷ್ಯದ ಹಾಗೂ ಅದರಲ್ಲಿ ಕುಳಿತವರ ಕ್ಷೇಮದ ಪ್ರಶ್ನೆ.

ಪುಣೆಗೂ ಸೇನಾ ವಾಹನಕ್ಕೂ ಹಳೆಯ ನಂಟು

ಸೇನೆಯ ದಕ್ಷಿಣ ಕಮಾಂಡ್‌ನ ಕೇಂದ್ರ ಸ್ಥಾನ ಪುಣೆ. ಖಡ್ಕಿಯಲ್ಲಿ ಬಾಂಬೆ ಸ್ಯಾಪರ್ಸ್ ಕೇಂದ್ರವಿದೆ, ಸೇನಾ ವಾಹನಗಳನ್ನು ಬಿಚ್ಚಿ ಜೋಡಿಸುವ 512ನೇ ಆರ್ಮಿ ಬೇಸ್ ವರ್ಕ್‌ಶಾಪ್ ಇದೆ. 1966ರಲ್ಲಿ ಸ್ಥಾಪನೆಯಾದ ಆಟೊಮೋಟಿವ್ ರಿಸರ್ಚ್ ಅಸೋಸಿಯೇಶನ್ ಆಫ್ ಇಂಡಿಯಾ, ಅರ್ಥಾತ್ ಎಆರ್‌ಎಐ, ಇದೇ ನಗರದಲ್ಲಿದೆ. ರಕ್ಷಣಾ ಇಲಾಖೆಯ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ ಹಾಗೂ 1994ರಲ್ಲಿ ತೆರೆದ ಟ್ಯಾಂಕ್ ವಸ್ತುಸಂಗ್ರಹಾಲಯ ನೆರೆಯ ಅಹಮದ್‌ನಗರದಲ್ಲಿವೆ. ಆ ಊರಿನ ಇಂದಿನ ಹೆಸರು ಅಹಿಲ್ಯಾನಗರ. ಪಿಂಪ್ರಿ-ಚಿಂಚ್ವಾಡ್, ಭೋಸರಿ, ಚಾಕಣ್‌ಗಳ ವಾಹನ ಕಾರ್ಖಾನೆಗಳಲ್ಲಿ, ಬಿಡಿಭಾಗದ ಘಟಕಗಳಲ್ಲಿ ಲೇತ್ ಹಿಡಿದು ಬಾಳು ಕಟ್ಟಿಕೊಂಡ ಕನ್ನಡಿಗರೂ ಕಡಿಮೆಯೇನಲ್ಲ. ಕರ್ನಾಟಕದಿಂದ ಸೇನೆ ಸೇರಿದವರಿಗೂ ಈ ಗಾಡಿಗಳು ಅಪರಿಚಿತವಲ್ಲ. ಸೈನ್ಯದ ಸಾಗಾಟದ ಹೊಣೆ ಹೊತ್ತ ಆರ್ಮಿ ಸರ್ವಿಸ್ ಕೋರ್‌ನ ತರಬೇತಿ ಕೇಂದ್ರ ಇರುವುದೇ ಬೆಂಗಳೂರಿನಲ್ಲಿ.

ಭಾರತೀಯ ಸೇನೆಯ ಹಳೆಯ ಚಕ್ರಗಳ ಕಥೆಯಲ್ಲಿ ಎರಡು ಹೆಸರುಗಳು ಮುಖ್ಯ. ಒಂದು ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ, ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ, 1959ರಲ್ಲಿ ಜಬಲ್ಪುರದಲ್ಲಿ ತಯಾರಾಗತೊಡಗಿದ ಈ ಲಾರಿಯ ಹೆಸರಿನಲ್ಲೇ ಆ ‘ಮ್ಯಾನ್’ ಅಡಗಿ ಕುಳಿತಿರುವುದು ಸ್ವಾರಸ್ಯಕರ. 1996ರವರೆಗೂ ಅದು ತಯಾರಾಯಿತು. ಇನ್ನೊಂದು ಜೋಂಗಾ. ಜಪಾನಿನ ನಿಸ್ಸಾನ್ ಪಟ್ರೋಲ್ ಮಾದರಿಯನ್ನು ಆಧರಿಸಿದ ಈ ಗಾಡಿಗೆ ಜಬಲ್ಪುರದ ಆರ್ಡ್ನನ್ಸ್ ಮತ್ತು ಗನ್ ಕ್ಯಾರೇಜ್ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಹೆಸರಾದವು. ಆರು ಸಿಲಿಂಡರುಗಳ, ಸುಮಾರು 4 ಲೀಟರ್ ಗಾತ್ರದ ಪೆಟ್ರೋಲ್ ಎಂಜಿನ್ನಿನ ಈ ಗಾಡಿ 1969ರಿಂದ 1999ರವರೆಗೆ ತಯಾರಾಯಿತು. ಇದೇ ಕುಟುಂಬದ ನಿಸ್ಸಾನ್ ಒಂದು ಟನ್ ಲಾರಿಯನ್ನೂ ಹಳಬರು ಮರೆತಿಲ್ಲ.

ಸೇನೆಯಿಂದ ನಿವೃತ್ತವಾಗಿ ಹರಾಜಿನಲ್ಲಿ ಹೊರಬಂದ ಇಂಥ ಗಾಡಿಗಳು ತೋಟದ ಮನೆಗಳಿಗೆ, ಗ್ಯಾರೇಜುಗಳಿಗೆ, ಹವ್ಯಾಸಿಗಳ ಅಂಗಳಕ್ಕೆ ಬಂದು ಸೇರಿವೆ. ಕಾರ್ಖಾನೆಯಲ್ಲಿ ತಯಾರಿ ನಿಂತು ಕಾಲು ಶತಮಾನ ಮೀರಿದೆ. ಎಂಜಿನ್ ಹಾಳಾದರೆ ಬೇರೊಂದನ್ನು ಕೂರಿಸಿಯಾರು. ಆದರೆ ಟ್ರಾನ್ಸ್‌ಫರ್ ಕೇಸಿನ ಹಲ್ಲುಚಕ್ರ ಸುಟ್ಟು ನೀಲಿಗಟ್ಟಿತೆಂದರೆ ಅದರ ಜೋಡಿ ಹುಡುಕುವುದು ಸುಲಭದ ಮಾತಲ್ಲ. ಅಷ್ಟಕ್ಕೇ ಒಂದು ಗಾಡಿ ಗುಜರಿ ಸೇರಬಹುದು.

ಬಿಸಿ ಬರುವುದೆಲ್ಲಿಂದ?

ಹಲ್ಲಿಗೆ ಹಲ್ಲು ತಾಗಿ ತಿರುಗುವಲ್ಲೆಲ್ಲ ಎಂಜಿನ್ನಿನ ಶಕ್ತಿಯ ಒಂದು ಸಣ್ಣ ಪಾಲು ಬಿಸಿಯಾಗಿ ಕರಗಿಹೋಗುತ್ತದೆ. ಒಂದು ಜೋಡಿ ಗೇರಿನಲ್ಲಿ ಇದು ಸಾಮಾನ್ಯವಾಗಿ ಶೇ. 1ರಿಂದ 2. ಕೇಳಲು ಅಲ್ಪ. ಲೆಕ್ಕ ಹಾಕಿದರೆ ಅಲ್ಪವಲ್ಲ. ಜೋಂಗಾದ ಸುಮಾರು 110 ಅಶ್ವಶಕ್ತಿಯೆಂದರೆ 80 ಕಿಲೋವ್ಯಾಟ್‌ನಷ್ಟು. ಪೂರ್ಣ ಬಲದಲ್ಲಿ ಏರು ಹತ್ತುವಾಗ ಅದರ ಶೇ. 2 ಅಂದರೆ 1600 ವ್ಯಾಟ್. ಸ್ನಾನಕ್ಕೆ ಬಕೆಟ್ ನೀರು ಕಾಯಿಸುವ ಕರೆಂಟಿನ ಕಾಯಿಲ್ ಸಾಮಾನ್ಯವಾಗಿ 1000ದಿಂದ 1500 ವ್ಯಾಟಿನದು. ಅಂದರೆ ಗೇರ್ ಬಾಕ್ಸಿನ ಕೆಲವೇ ಲೀಟರ್ ಎಣ್ಣೆಯೊಳಗೆ ಅಂಥದೊಂದು ಕಾಯಿಲ್ ಇಳಿಬಿಟ್ಟು, ಘಾಟಿ ಮುಗಿಯುವವರೆಗೂ ಸ್ವಿಚ್ ಆರಿಸದೆ ಬಿಟ್ಟಂತೆ. ಟ್ರಾನ್ಸ್‌ಫರ್ ಕೇಸಿನಲ್ಲಿ ಇನ್ನೊಂದು, ಹಿಂದಿನ ಹೌಸಿಂಗಿನಲ್ಲಿ ಮತ್ತೊಂದು.

ಬಯಲಿನಲ್ಲಿ ಓಡುವಾಗ ಬೀಸುವ ಗಾಳಿ ಈ ಬಿಸಿಯನ್ನು ಒಯ್ಯುತ್ತದೆ. ಏರಿನಲ್ಲಿ ಬಲ ಹೆಚ್ಚು, ವೇಗ ಕಡಿಮೆ, ಗಾಳಿಯೂ ಕಡಿಮೆ. ಜೊತೆಗೆ ಎಂಜಿನ್ನಿನ ಸೈಲೆನ್ಸರ್ ಕೊಳವೆ ಪಕ್ಕದಲ್ಲೇ ಹಾದುಹೋಗುತ್ತಿರುತ್ತದೆ. ಹೊರಗಿನ ಬಿಸಿಲು ಏಪ್ರಿಲ್-ಮೇ ತಿಂಗಳದ್ದಾದರಂತೂ ಕೇಳುವುದೇ ಬೇಡ.

ಫೋರ್ ವೀಲ್ ಗಾಡಿಗಳಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಜೋಂಗಾದಂಥ ಹಳೆಯ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ವೇಗದ ವ್ಯತ್ಯಾಸವನ್ನು ಹೊಂದಿಸುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಕೆಸರು, ಮರಳಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಸ್ಪದವಿಲ್ಲದೆ ಆ ತಿರುಚು ಬಲವೆಲ್ಲ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಘಾಟಿಗೆ ಬಲ ಬರಲೆಂದು ಡಾಂಬರು ರಸ್ತೆಯಲ್ಲೂ ಫೋರ್ ವೀಲ್ ಹಾಕಿಕೊಂಡು ಹೋಗುವವರ ಗಾಡಿಯ ಟ್ರಾನ್ಸ್‌ಫರ್ ಕೇಸ್ ಕಾಯುವುದು ಹೀಗೆ. ಸವೆದ ಮತ್ತು ಹೊಸ ಟೈರುಗಳನ್ನು ಹಿಂದೆ ಮುಂದೆ ಬೆರೆಸಿ ಹಾಕಿದ್ದರೆ ನೇರ ರಸ್ತೆಯಲ್ಲೂ ಇದೇ ಪಾಡು.

ಬಿಸಿ ಏರಿದಂತೆ ಎಣ್ಣೆ ತೆಳುವಾಗುತ್ತದೆ, ಹಲ್ಲುಗಳ ನಡುವಿನ ಪದರ ಹರಿಯುತ್ತದೆ, ಘರ್ಷಣೆ ಹೆಚ್ಚಿ ಬಿಸಿ ಮತ್ತಷ್ಟು ಏರುತ್ತದೆ. ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಎಣ್ಣೆ ಕೆಡುವ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. ಆಯಿಲ್ ಸೀಲಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ, ಎಣ್ಣೆ ಸೋರುತ್ತದೆ. ಉಳಿದ ಕಡಿಮೆ ಎಣ್ಣೆ ಇನ್ನಷ್ಟು ಬೇಗ ಕಾಯುತ್ತದೆ. ಕೊನೆಗೆ ಬೇರಿಂಗ್ ಹಿಡಿದುಕೊಂಡರೆ ಓಡುತ್ತಿರುವಾಗಲೇ ಚಕ್ರ ಕಚ್ಚಿಕೊಳ್ಳಬಹುದು. ಘಾಟಿಯ ತಿರುವಿನಲ್ಲಿ ಅದು ಗಾಡಿಯವರಿಗೆ ಮಾತ್ರವಲ್ಲ, ಹಿಂದೆ ಬರುವವರಿಗೂ ಆಪತ್ತು.

ಮೀಟರ್ ಯಾವುದು, ಕೂರಿಸುವುದೆಲ್ಲಿ?

ಉಷ್ಣತಾ ಮೀಟರುಗಳಲ್ಲಿ ಎರಡು ಬಗೆ. ಒಂದು ಯಾಂತ್ರಿಕ. ತುದಿಯ ಬಲ್ಬಿನಲ್ಲಿರುವ ದ್ರವ ಕಾದು, ಕೂದಲಿನಷ್ಟು ಸಣ್ಣ ರಂಧ್ರದ ತಾಮ್ರದ ಕೊಳವೆಯ ಮೂಲಕ ಒತ್ತಡ ಸಾಗಿ ಮುಳ್ಳನ್ನು ತಿರುಗಿಸುತ್ತದೆ. ಇದರ ಹಿಂದಿರುವ ಬಾಗಿದ ಕೊಳವೆಯ ತತ್ವಕ್ಕೆ ಫ್ರಾನ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ಪೇಟೆಂಟ್ ಪಡೆದಿದ್ದರು. ಕರೆಂಟು ಬೇಡ ಎಂಬುದು ಇದರ ಗುಣ, ಕೊಳವೆ ಮುರಿದರೆ ರಿಪೇರಿ ಕಷ್ಟ ಎಂಬುದು ದೋಷ. ಮತ್ತೊಂದು ವಿದ್ಯುತ್ತಿನದು. ಇದರ ಸೆನ್ಸರಿನೊಳಗಿನ ಥರ್ಮಿಸ್ಟರ್ ಕಾದಂತೆ ಅದರ ರೋಧ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಮುಳ್ಳು ಏರುತ್ತದೆ. ಒಂದೇ ಮೀಟರಿಗೆ ತಿರುಗಿಸುವ ಸ್ವಿಚ್ ಜೋಡಿಸಿ ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದಿನ ಹೌಸಿಂಗ್ ಮೂರನ್ನೂ ಸರದಿಯಲ್ಲಿ ನೋಡಿಕೊಳ್ಳಬಹುದಾದ ಅನುಕೂಲ ಇದರಲ್ಲಿದೆ. ಆದರೆ ಸೆನ್ಸರ್ ಮತ್ತು ಮೀಟರ್ ಒಂದೇ ಜೋಡಿಯವಾಗಿರಬೇಕು. ಜುನಾ ಬಜಾರಿನಲ್ಲಿ ಸಿಕ್ಕ ಮೀಟರಿಗೆ ನಾನಾ ಪೇಠದಲ್ಲಿ ಸಿಕ್ಕ ಸೆನ್ಸರ್ ತಂದು ಕಟ್ಟಿದರೆ ಮುಳ್ಳು ಆಡೀತು, ಹೇಳುವುದು ಮಾತ್ರ ಸುಳ್ಳು.

ಹಳೆಯ ಗಾಡಿಗೆ ಡ್ರಿಲ್ ಹಾಕುವ ಮುನ್ನ ಹತ್ತು ಸಲ ಯೋಚಿಸಬೇಕು. ಎಣ್ಣೆ ಇಳಿಸುವ ಇಲ್ಲವೇ ಎಣ್ಣೆಯ ಮಟ್ಟ ನೋಡುವ ಪ್ಲಗ್ಗಿನ ಜಾಗವೇ ಈ ಕೆಲಸಕ್ಕೆ ಸಾಕಾಗುತ್ತದೆ. ಅದೇ ಅಳತೆಯ ಇನ್ನೊಂದು ಪ್ಲಗ್ಗನ್ನು ಲೇತಿನಲ್ಲಿ ಮಾಡಿಸಿ, ಅದರ ನಡುವೆ ಸೆನ್ಸರಿಗೆ ತಕ್ಕ ಮರೆ ಕೊಯ್ಯಿಸಿದರೆ ಮೂಲ ಪ್ಲಗ್ ಡಬ್ಬಿಯಲ್ಲಿ ಜೋಪಾನವಾಗಿರುತ್ತದೆ. ನಾಳೆ ಬೇಡವೆನಿಸಿದರೆ ಮತ್ತೆ ಹಾಕಬಹುದು. ಪ್ಲಗ್ಗಿನ ಮರೆ ಯಾವ ಅಳತೆಯದು ಎಂಬುದನ್ನು ಅಂದಾಜಿನಲ್ಲಿ ಬಿಡದೆ ಥ್ರೆಡ್ ಗೇಜಿನಿಂದ ನೋಡಿಯೇ ಲೇತಿಗೆ ಕೊಡಬೇಕು. ಹೆಚ್ಚುಕಡಿಮೆ ಹೊಂದುವ ಮರೆಯನ್ನು ಬಲವಂತದಿಂದ ತಿರುಗಿಸಿದರೆ ಎರಕದ ಹೌಸಿಂಗ್ ಬಿರಿಯುವ ಅಪಾಯವಿದೆ. ಕೆಳಗಿನ ಪ್ಲಗ್ಗಿನಲ್ಲಿ ಕೂರಿಸಿದರೆ ಕಲ್ಲು ತಾಗದಂತೆ ಒಂದು ತಗಡಿನ ರಕ್ಷೆ ಕಟ್ಟುವುದು ಒಳ್ಳೆಯದು.

ವಯರಿಂಗ್ ಮಾಡುವಾಗ ಗಾಡಿ 12 ವೋಲ್ಟಿನದೋ 24 ವೋಲ್ಟಿನದೋ ಎಂದು ಮೊದಲು ನೋಡಬೇಕು. ಸೇನೆಯ ಗಾಡಿಗಳಲ್ಲಿ 24 ವೋಲ್ಟ್ ಸಾಮಾನ್ಯ. ಕಾರಿನ 12 ವೋಲ್ಟಿನ ಮೀಟರನ್ನು ಅದಕ್ಕೆ ಕೊಟ್ಟರೆ ಮೊದಲ ದಿನವೇ ಸುಟ್ಟೀತು. ಸಣ್ಣ ಫ್ಯೂಸ್ ಒಂದು ಕಡ್ಡಾಯ. ವಯರು ಸೈಲೆನ್ಸರಿನಿಂದಲೂ ತಿರುಗುವ ಜಾಯಿಂಟ್ ಶಾಫ್ಟಿನಿಂದಲೂ ದೂರ ಹಾಯಬೇಕು, ತಗಡು ದಾಟುವಲ್ಲಿ ರಬ್ಬರ್ ಬಳೆ ಇರಬೇಕು. ಒಂದೇ ವಯರಿನ ಸೆನ್ಸರಿಗೆ ಅರ್ಥಿಂಗ್ ಸಿಗುವುದು ಅದರ ಮರೆಯ ಮೂಲಕವೇ ಆದ್ದರಿಂದ ಸೋರಿಕೆ ತಡೆಯುವ ಬಿಳಿ ಟೇಪನ್ನು ದಪ್ಪಗೆ ಸುತ್ತಬಾರದು. ಮೀಟರನ್ನು ಡ್ಯಾಶಿನ ಕೆಳಗೆ ಪಟ್ಟಿ ಕಟ್ಟಿ ತೂಗಿಸಿದರೆ ಹಳೆಯ ಮೀಟರ್ ಬೋರ್ಡಿಗೆ ತೂತು ಬೀಳುವುದಿಲ್ಲ.

ಚಹಾದ ಪಾತ್ರೆಯಲ್ಲಿ ಪರೀಕ್ಷೆ

ಹೊಸ ಮೀಟರ್ ನಿಜ ಹೇಳುತ್ತಿದೆಯೇ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಗಾಡಿಗೆ ಕೂರಿಸುವ ಮೊದಲೇ ಸೆನ್ಸರನ್ನು ವಯರಿಗೆ ಜೋಡಿಸಿ, ಅದರ ಲೋಹದ ಮೈಯಿಂದ ಚಾಸಿಗೆ ಒಂದು ವಯರು ಕೊಟ್ಟು, ಕುದಿಯುವ ನೀರಿನ ಪಾತ್ರೆಯಲ್ಲಿ ತುದಿಯನ್ನು ಅದ್ದಿದರಾಯಿತು. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಮುಳ್ಳು ಅಲ್ಲಿ ನಿಂತರೆ ಸರಿ, ಹತ್ತು ಡಿಗ್ರಿ ಆಚೆ ಈಚೆ ನಿಂತರೆ ಅಷ್ಟನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು, ಇಲ್ಲವೇ ಬದಲಿಸಬೇಕು.

ವಯರು ಕಡಿದುಹೋದರೆ ಏನಾಗುತ್ತದೆ ಎಂಬುದನ್ನೂ ಆಗಲೇ ನೋಡಿಟ್ಟುಕೊಳ್ಳುವುದು ಜಾಣತನ. ಈ ಬಗೆಯ ಮೀಟರಿನಲ್ಲಿ ವಯರು ಕಡಿದರೆ ಮುಳ್ಳು ತಂಪಿನ ಕಡೆ ಬಿದ್ದಿರುತ್ತದೆ, ವಯರಿನ ಮೈ ಸವೆದು ಚಾಸಿಗೆ ತಾಗಿದರೆ ಒಮ್ಮೆಲೇ ಬಿಸಿಯ ಕೊನೆಗೆ ಏರುತ್ತದೆ. ಎಣ್ಣೆ ಎಂದೂ ಕ್ಷಣಾರ್ಧದಲ್ಲಿ ಕಾಯುವುದಿಲ್ಲ. ಆದ್ದರಿಂದ ಮುಳ್ಳು ಹಾರಿದರೆ ವಯರನ್ನೂ, ಮೆಲ್ಲಮೆಲ್ಲನೆ ಹತ್ತಿದರೆ ಗೇರನ್ನೂ ಅನುಮಾನಿಸಬೇಕು.

ಅಂಕಿಗಿಂತ ಅಭ್ಯಾಸ ಮುಖ್ಯ

ಸಾಧಾರಣ ಗೇರ್ ಎಣ್ಣೆ ಇರುವ ಹಳೆಯ ಗಾಡಿಗಳಲ್ಲಿ 70ರಿಂದ 90 ಡಿಗ್ರಿ ನೆಮ್ಮದಿಯ ಮಟ್ಟ, 110 ದಾಟಿದರೆ ಎಚ್ಚರಿಕೆ, 120 ದಾಟಿದ ಮೇಲೆ ಸುರಕ್ಷಿತ ಜಾಗ ನೋಡಿ ನಿಲ್ಲಿಸುವುದೇ ಲೇಸು ಎಂಬುದು ಕೆಲಸಕ್ಕೆ ಬರುವ ಅಂದಾಜು. ಆದರೆ ಪ್ರತಿ ಗಾಡಿಗೂ ತನ್ನದೇ ಮೈಬಿಸಿ ಇರುತ್ತದೆ. ಮೀಟರ್ ಕೂರಿಸಿದ ಮೊದಲ ಕೆಲವು ಪ್ರಯಾಣಗಳಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ದಿನದ ಬಿಸಿಲು, ಹೊರೆ, ಘಾಟಿಯ ತಳ ಮತ್ತು ತುದಿಯಲ್ಲಿ ಮುಳ್ಳು ತೋರಿದ ಅಂಕಿ ಇಷ್ಟನ್ನು ಬರೆದಿಟ್ಟರೆ ಸಾಕು. ಪ್ರತಿ ಸಲ 85ಕ್ಕೆ ನಿಲ್ಲುವ ಮುಳ್ಳು ಅದೇ ದಾರಿಯಲ್ಲಿ, ಅದೇ ಹೊರೆಗೆ ಒಂದು ದಿನ 100 ತೋರಿಸಿತೆಂದರೆ ಅದು ಬೇರಿಂಗಿನ ಮೊದಲ ನರಳಾಟ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬದಲು, ಹೊಗೆ ಕಾಣುವ ಮೊದಲೇ ನೀರು ತುಂಬಿಡಲು ಸಿಗುವ ಅವಕಾಶವದು.

ಇಳಿಜಾರಿನಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೇರ್ ಕಾದಿದೆ, ತುಸು ತಣಿಯಲಿ ಎಂದು ನ್ಯೂಟ್ರಲ್ ಮಾಡಿಕೊಂಡು ಇಳಿಯುವುದು ಆತ್ಮಘಾತಕ. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯತ್ತ ಇಳಿಯುವ ದಾರಿಯ ಕಥೆ ಪುಣೆಯವರಿಗೆ ಗೊತ್ತಿದ್ದದ್ದೇ. 2022ರ ನವೆಂಬರ್‌ನಲ್ಲಿ ಅಲ್ಲಿ ಹಿಡಿತ ತಪ್ಪಿದ ಒಂದೇ ಲಾರಿಯಿಂದ ಹತ್ತಾರು ವಾಹನಗಳು ಜಖಂಗೊಂಡಿದ್ದವು. ಮುಳ್ಳು ಏನೇ ಹೇಳಲಿ, ಇಳಿಜಾರಿನಲ್ಲಿ ಗಾಡಿ ಗೇರಿನಲ್ಲೇ ಇರಬೇಕು. ತಣಿಸಬೇಕಿದ್ದರೆ ಇಳಿಯುವ ಮೊದಲೇ ನಿಲ್ಲಿಸಿ ತಣಿಸಬೇಕು.

ಮೀಟರ್ ಸುಳ್ಳು ಹೇಳುವ ಒಂದು ಸಂದರ್ಭವೂ ಇದೆ, ಅದೇ ಎಲ್ಲಕ್ಕಿಂತ ಅಪಾಯಕಾರಿ. ಸೆನ್ಸರಿನ ತುದಿ ಎಣ್ಣೆಯಲ್ಲಿ ಮುಳುಗಿದ್ದರೆ ಮಾತ್ರ ಅದು ಎಣ್ಣೆಯ ಬಿಸಿ ತೋರಿಸುತ್ತದೆ. ಸೀಲ್ ಸೋರಿ ಎಣ್ಣೆ ಸೆನ್ಸರಿಗಿಂತ ಕೆಳಗಿಳಿದರೆ ಅದು ಅಳೆಯುವುದು ಒಳಗಿನ ಗಾಳಿಯನ್ನು. ಹಲ್ಲುಗಳು ಒಣಗಿ ಉರಿಯುತ್ತಿದ್ದರೂ ಮುಳ್ಳು ‘ಎಲ್ಲ ಕ್ಷೇಮ’ ಎಂದೀತು. ಆದ್ದರಿಂದ ಮೀಟರ್ ಇದೆಯೆಂದು ಎಣ್ಣೆಯ ಮಟ್ಟ ನೋಡುವ ಹಳೆಯ ರೂಢಿಯನ್ನು ಬಿಡುವಂತಿಲ್ಲ. ಲಾರಿ ಚಾಲಕರು ಚಹಾಕ್ಕೆಂದು ನಿಂತಾಗ ಗಾಡಿಗೊಂದು ಸುತ್ತು ಬಂದು ಚಕ್ರದ ಡ್ರಮ್ಮಿಗೆ, ಹೌಸಿಂಗಿಗೆ ಅಂಗೈ ಬೆನ್ನು ಹತ್ತಿರ ಹಿಡಿದು ನೋಡುವುದುಂಟು. ಕೆಳಗೆ ಎಣ್ಣೆಯ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡುವುದುಂಟು. ಮೀಟರ್ ಆ ಕಣ್ಣು ಮತ್ತು ಕೈಗಳ ಜೊತೆಗಾರನೇ ಹೊರತು ಅವುಗಳ ಬದಲಿಯಲ್ಲ.

ಕಾನೂನಿನ ಮಾತು

ಸೇನೆಯ ಗಾಡಿಯನ್ನು ಮನೆಗೆ ತಂದವರು ತಿಳಿದಿರಬೇಕಾದ ಎರಡು ವಿಷಯಗಳಿವೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಸೇನೆಯ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲು, ಖಾಸಗಿ ಗಾಡಿಗೆ ಆ ಬಣ್ಣ ಬಳಿಯುವಂತಿಲ್ಲ. ಇನ್ನು 2021ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ದ್ವಿಚಕ್ರ ಮತ್ತು ಚತುಷ್ಚಕ್ರ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅವುಗಳ ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ ಮುಂತಾದ ಕಾರಣಗಳಿಗೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯದ ಅಥವಾ ವ್ಯಾಪಾರದ ಓಡಾಟಕ್ಕಲ್ಲ. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದೆಂಬ ಈ ಷರತ್ತಿನ ಹಿನ್ನೆಲೆಯಲ್ಲಿ, ಬೇಕಾದಾಗ ಬಿಚ್ಚಿಡಬಹುದಾದಂತೆ ಮೀಟರ್ ಕೂರಿಸುವ ವಿಧಾನವೇ ಉತ್ತಮ ಎಂಬುದರಲ್ಲಿ ಎರಡು ಮಾತಿಲ್ಲ.

ಪುಣೆಯ ಕನ್ನಡಿಗರ ಮನೆಗಳಲ್ಲಿ ಸೇನೆಯಲ್ಲಿ ದುಡಿದು ಬಂದ ಹಿರಿಯರಿದ್ದಾರೆ, ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡ ಫಿಟ್ಟರುಗಳಿದ್ದಾರೆ, ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳೂ ಇದ್ದಾರೆ. ಪ್ಲಗ್ಗಿನ ಮರೆ ಗುರುತಿಸುವ ಹಿರಿಯರ ಕಣ್ಣು, ಲೇತಿನ ಮುಂದೆ ಅದನ್ನು ಕೊಯ್ಯುವ ಕೈ, ನೋಟ್‌ಬುಕ್ಕಿನ ಅಂಕಿಗಳನ್ನು ಗೆರೆಯಾಗಿಸಿ ನೋಡುವ ಎಳೆಯ ಬುದ್ಧಿ, ಈ ಮೂರೂ ಕೂಡಿದರೆ ಒಂದು ಭಾನುವಾರದಲ್ಲಿ ಮುಗಿಯುವ ಕೆಲಸವಿದು. ಗಡಿ ಕಾದ ಯೋಧರನ್ನೂ ಅವರ ರೇಷನ್ನನ್ನೂ ಹೊತ್ತು ಬೆಟ್ಟ ಹತ್ತಿದ ಗಾಡಿಗಳಿವು. ಅವುಗಳ ಒಳಗುದಿ ಕೇಳಿಸಿಕೊಳ್ಳಲು ಒಂದು ಸಣ್ಣ ಮುಳ್ಳು ಕೂರಿಸಿದರೆ, ಮುಂದಿನ ಸಲ ಘಾಟಿ ಹತ್ತಿ ಚಹಾಕ್ಕೆ ನಿಂತಾಗ ಗಾಡಿಯ ಯಜಮಾನ ಒಮ್ಮೆ ಮೀಟರ್ ನೋಡಿ, ಒಮ್ಮೆ ಕೆಳಗೆ ಬಗ್ಗಿ ನೋಡಿ, ನೆಮ್ಮದಿಯಿಂದ ಮುಂದಿನ ಊರಿಗೆ ಹೊರಡಬಹುದು.